ಔಷಧಿ ಹೊಡೆದರೂ ಉಣ್ಣೆ ಸಾಯ್ತಿಲ್ಲ, ಥೈಲೀರಿಯಾಕ್ಕೆ ಒಂದು ಹಸು ಹೋಯ್ತು. ಮುಂದೇನು ಮಾಡಲಿ?

ತಿಪಟೂರು ಹೈನಮ್ಮ · ಜೂನ್ 9

ನಮ್ಮದು ತಿಪಟೂರು ಕಡೆ, ತೋಟದ ಮನೆ. ಐದು ಹಸು, ಎರಡು ಕಡಸು, ಒಂದು ಕರು ಇತ್ತು. ಎಲ್ಲವೂ ಎಚ್ಚೆಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಹೋದ ಗುರುವಾರ ಮೂರನೇ ಸೂಲಿನ ಹಸು ತೀರಿಕೊಂಡಿತು. ಹೊತ್ತಿಗೆ ಒಂಬತ್ತು ಲೀಟರ್ ಕೊಡ್ತಿದ್ದ ಹಸು, ನನ್ನ ಧ್ವನಿ ಕೇಳಿದ್ರೆ ಸೊರ ಬಿಡ್ತಿತ್ತು.

ಮೊದಲ ದಿನ ಮೇವು ಬಿಟ್ಟಿತು, ಜ್ವರ 105. ಒಬ್ಬರು ಬಂದು ಆಂಟಿಬಯಾಟಿಕ್, ಜ್ವರದ ಇಂಜೆಕ್ಷನ್ ಕೊಟ್ಟರು. ಸಂಜೆಗೆ ಇಳೀತು, ಬೆಳಿಗ್ಗೆ ಮತ್ತೆ ಏರಿತು. ಹೀಗೇ ಐದು ದಿನ. ಹೆಗಲ ಮುಂದೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು ಕೈಗೆ ಸಿಕ್ತು. ನಾನು ಅದನ್ನ ತೋರಿಸಿದೆ, ಅದೇನಲ್ಲ ಬಿಡಿ ಅಂದ್ರು. ಆರನೇ ದಿನ ಕಣ್ಣಿನ ಒಳರೆಪ್ಪೆ ಕಾಗದದ ಹಾಗೆ ಬೆಳ್ಳಗಾಗಿತ್ತು, ಉಸಿರಾಟ ಜೋರು. ಬೇರೆ ಡಾಕ್ಟರು ಬಂದು ಕಿವಿಯಿಂದ ರಕ್ತ ತೆಗೆದು ನೋಡಿಸಿ ಥೈಲೀರಿಯಾ ಅಂದ್ರು. ಅದಕ್ಕಿರೋ ಬುಪಾರ್ವಕ್ವೋನ್ ಇಂಜೆಕ್ಷನ್ ಹಾಕಿದ್ರು. ಮಾರನೇ ದಿನ ಬೆಳಗಿನ ಜಾವ ಹೋಯ್ತು.

ಈಗ ನನ್ನ ಪ್ರಶ್ನೆ. ಉಣ್ಣೆಯಿಂದ ಬರೋದು ಅಂದ್ರು. ಆದ್ರೆ ನಾನು ಹದಿನೈದು ದಿನಕ್ಕೊಮ್ಮೆ ಉಣ್ಣೆ ಔಷಧಿ ಡೆಲ್ಟಾಮೆಥ್ರಿನ್ ಹೊಡೀತಾನೇ ಇದ್ದೀನಿ! ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ, ಬಟ್ಟೆಯಲ್ಲಿ ಅದ್ದಿ ಬೆನ್ನಿಗೆ ಸವರ್ತೀನಿ. ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಹಾಗೇ ಇದೆ. ಅದಕ್ಕಿಂತ ಗಾಬರಿ ಅಂದ್ರೆ ಎಂಟು ತಿಂಗಳ ಕಡಸಿಗೆ ಇವತ್ತು ಬೆಳಿಗ್ಗೆಯಿಂದ ಮೈ ಬಿಸಿ.

ಹೆಬ್ಬಾಳದಲ್ಲಿ ಓದಿದವ · ಜೂನ್ 9

ಅಮ್ಮ, ಹಸು ಹೋದದ್ದು ಓದಿ ಸಂಕಟವಾಯ್ತು. ಉಣ್ಣೆ ವಿಷಯ ಆಮೇಲೆ ಬರೀತೀನಿ. ಮೊದಲು ಕಡಸು. ನಾಳೆ ನೋಡೋಣ ಅನ್ನಬೇಡಿ, ಇವತ್ತೇ ಎರಡು ಕೆಲಸ ಆಗಬೇಕು.

ಹೆಗಲ ಮುಂದೆ, ಕತ್ತು ಮತ್ತು ಭುಜ ಸೇರುವಲ್ಲಿ, ಎರಡೂ ಕಡೆ ಬೆರಳಿಟ್ಟು ಒತ್ತಿ ನೋಡಿ. ಒಂದು ಕಡೆ ಗಂಟು ಊದಿದ್ದರೂ ಅನುಮಾನ ಬಲವಾಗುತ್ತೆ. ಆಮೇಲೆ 1962ಕ್ಕೆ ಫೋನ್ ಮಾಡಿ. ಪಶು ಸಂಜೀವಿನಿ ಗಾಡಿ ಬರುತ್ತೆ. ಬಂದವರಿಗೆ ಹೋದ ವಾರದ ಕತೆ ಪೂರ್ತಿ ಹೇಳಿ, ರಕ್ತದ ಸ್ಮಿಯರ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಕಿವಿಯ ಅಂಚಿನ ನರದಿಂದ ಒಂದು ತೊಟ್ಟು ರಕ್ತ, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು ಜೀಮ್ಸಾ ಬಣ್ಣ ಹಾಕಿದರೆ ಕೆಂಪು ರಕ್ತಕಣದ ಒಳಗೆ ಉಂಗುರದ ಹಾಗೆ ಕಾಣುತ್ತೆ. ತೀರಾ ಆರಂಭದಲ್ಲಿ ರಕ್ತದಲ್ಲಿ ಕಾಣದೇ ಇರಬಹುದು. ಆಗ ಊದಿದ ಗಂಟಿಗೇ ಸೂಜಿ ಹಾಕಿ ಸ್ವಲ್ಪ ರಸ ತೆಗೆದು ನೋಡ್ತಾರೆ. ಅಲ್ಲಿ ಕಾಣುವ ನೀಲಿ ಚುಕ್ಕಿಗಳಿಗೆ ಇವತ್ತಿಗೂ ಕಾಕ್‌ನ ನೀಲಿ ಕಾಯಗಳು ಅಂತಲೇ ಹೆಸರು.

ಬುಪಾರ್ವಕ್ವೋನ್ ಒಳ್ಳೆಯ ಔಷಧಿ, ಆದರೆ ಹೊತ್ತಿಗೆ ಸರಿಯಾಗಿ ಬೀಳಬೇಕು. ಪರೋಪಜೀವಿ ಮೊದಲು ಬಿಳಿ ರಕ್ತಕಣದಲ್ಲಿ ಬೆಳೆಯುತ್ತೆ, ಆ ಕಣ ದುಪ್ಪಟ್ಟಾದ ಹಾಗೆ ತಾನೂ ದುಪ್ಪಟ್ಟಾಗುತ್ತೆ. ಆಮೇಲೆ ಕೆಂಪು ಕಣಕ್ಕೆ ಇಳಿಯುತ್ತೆ. ಮೈ ಬೆಳ್ಳಗಾಗುವ ಹೊತ್ತಿಗೆ ಔಷಧಿ ಪರೋಪಜೀವಿಯನ್ನ ಕೊಂದರೂ ಹೋದ ರಕ್ತ ವಾಪಸ್ ಬರಲ್ಲ. ನಿಮ್ಮ ಹಸುವಿಗೆ ಆದದ್ದು ಅದೇ ಇರಬೇಕು.

ಡೋಸು 20 ಕೆಜಿ ತೂಕಕ್ಕೆ 1 ಎಂಎಲ್. 400 ಕೆಜಿ ಹಸುವಿಗೆ 20 ಎಂಎಲ್ ಆಯ್ತು. ಬಾಟಲಿ ತುಟ್ಟಿ ಅಂತ ಅರ್ಧ ಹಾಕಿಸುವವರನ್ನ ಕಂಡಿದ್ದೀನಿ. ದಯವಿಟ್ಟು ಹಾಗೆ ಮಾಡಬೇಡಿ. ತೂಕ ಅಂದಾಜು ಮಾಡದೆ ಟೇಪ್ ಹಿಡಿದು ಎದೆಯ ಸುತ್ತಳತೆ ತೆಗೆಸಿ.

ಮಂಡ್ಯದ ಎರಡೆಕರೆ · ಜೂನ್ 9

ನಮ್ಮೂರಲ್ಲೂ ಎರಡು ಹೋದವು. ಅಕ್ಕ, ಡೆಲ್ಟಾ ಬಿಡಿ, ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡಿಸಿ. ಒಂದೇ ಸೂಜಿಗೆ ಎಲ್ಲಾ ಉದುರುತ್ತೆ. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೇನೇ ಕೊಡ್ತಾರೆ.

ಹೆಬ್ಬಾಳದಲ್ಲಿ ಓದಿದವ · ಜೂನ್ 9

ಕರೆಯುವ ಹಸುವಿಗೆ ಬೇಡ. ಅದು ಕೊಬ್ಬಿನಲ್ಲಿ ಕರಗುವ ಔಷಧಿ, ಹಾಲಿನಲ್ಲಿ ವಾರಗಟ್ಟಲೆ ಇಳಿಯುತ್ತೆ. ಆ ಹಾಲು ಸೊಸೈಟಿಗೆ ಹೋಗಿ ಯಾವುದೋ ಮಗುವಿನ ಲೋಟಕ್ಕೆ ಬೀಳುತ್ತೆ. ಸಗಣಿಯಲ್ಲೂ ಬರುತ್ತೆ, ಸಗಣಿ ಹುಳುಗಳನ್ನ ಕೊಲ್ಲುತ್ತೆ. ಗಬ್ಬ ಇಲ್ಲದ ಕಡಸಿಗೆ ಡಾಕ್ಟರು ತೂಕ ನೋಡಿ ಕೊಟ್ಟರೆ ಅದು ಬೇರೆ ಮಾತು.

ತಿಪಟೂರು ಹೈನಮ್ಮ · ಜೂನ್ 10

ಎಡಗಡೆ ಗಂಟು ಊದಿತ್ತು. ಗಾಡಿ ಸಂಜೆ ಬಂತು. ಸ್ಮಿಯರ್ ತಗೊಂಡು ಹೋಗಿದ್ದಾರೆ, ಆದರೆ ಹಳೇ ಕತೆ ಕೇಳಿ ಫಲಿತಾಂಶಕ್ಕೆ ಕಾಯದೆ ಔಷಧಿ ಹಾಕಿದ್ರು. ಟೇಪ್ ಅಳತೆಯಲ್ಲಿ 140 ಕೆಜಿ ಬಂತು, 7 ಎಂಎಲ್ ಕತ್ತಿನ ಮಾಂಸಖಂಡಕ್ಕೆ. ರಾತ್ರಿ ಹತ್ತಕ್ಕೆ ಜ್ವರ 103. ಈಗ ಸ್ವಲ್ಪ ಹಸಿ ಹುಲ್ಲು ಮೂಸ್ತಾ ಇದೆ. ಬಿಸಿಲಿಗೆ ಕಟ್ಟಬೇಡಿ, ಎಲ್ಲೂ ಹೊಡಕೊಂಡು ಹೋಗಬೇಡಿ ಅಂದ್ರು. ಬಾವಿ ಪಕ್ಕದ ಹಲಸಿನ ಮರದಡಿ ಗೋಣಿ ಹಾಸಿ ಮಲಗಿಸಿದ್ದೀನಿ.

ಉಣ್ಣೆ ವಿಷಯ ಹೇಳ್ತೀನಿ ಅಂದಿದ್ರಿ.

ಹೆಬ್ಬಾಳದಲ್ಲಿ ಓದಿದವ · ಜೂನ್ 10

ಹೇಳ್ತೀನಿ, ಉದ್ದ ಆಗುತ್ತೆ.

ನಮ್ಮ ಕೊಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನೀಲಿಬೂದು ಬಣ್ಣದ ಅವರೆಕಾಳು ಥರದ್ದು, ರಿಪಿಸೆಫಾಲಸ್ ಮೈಕ್ರೋಪ್ಲಸ್. ಇದು ಮರಿಯಾಗಿ ಹಸು ಹತ್ತಿದರೆ ಪೊರೆ ಬಿಡೋದು, ಬೆಳೆಯೋದು, ಕೂಡೋದು ಎಲ್ಲ ಆ ಒಂದೇ ಹಸುವಿನ ಮೇಲೆ, ಸುಮಾರು ಮೂರು ವಾರ. ರಕ್ತ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತೆ. ಮೊಟ್ಟೆ ಒಡೆದ ಮರಿಗಳು ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯ್ತಾ ಇರ್ತವೆ. ತಿಂಗಳುಗಟ್ಟಲೆ ಉಪವಾಸ ಇರಬಲ್ಲವು. ಇದು ತರುವುದು ಬಬೇಸಿಯಾ, ಅನಾಪ್ಲಾಸ್ಮಾ ಅನ್ನುವ ಬೇರೆ ರಕ್ತದ ರೋಗಗಳನ್ನ. ಗಂಜಲ ಕಾಫಿ ಬಣ್ಣಕ್ಕೆ ತಿರುಗೋದು ಬಬೇಸಿಯಾದಲ್ಲಿ.

ನಿಮ್ಮ ಹಸುವನ್ನ ಕೊಂದ ಥೈಲೀರಿಯಾ ಆನ್ಯುಲೇಟಾ ತರೋದು ಬೇರೆ ಉಣ್ಣೆ, ಹಯಲೋಮಾ. ಕಂದುಬಣ್ಣ, ಉದ್ದ ಕಾಲು, ಕಾಲಿನ ಮೇಲೆ ತಿಳಿ ಪಟ್ಟೆ, ಚುರುಕಾಗಿ ಓಡುತ್ತೆ. ಇದು ಹಸುವಿನ ಮೇಲೆ ಪೂರ್ತಿ ಸಂಸಾರ ಮಾಡಲ್ಲ. ಮರಿಯಾಗಿದ್ದಾಗ ರೋಗದ ಹಸುವಿನ ರಕ್ತ ಕುಡಿದು ಇಳಿದುಹೋಗುತ್ತೆ. ಗೋಡೆ ಬಿರುಕಲ್ಲಿ, ಗೊಂತಿನ ಕಲ್ಲಿನ ಸಂದಿಯಲ್ಲಿ ಪೊರೆ ಬಿಟ್ಟು ದೊಡ್ಡದಾಗಿ, ಆಮೇಲೆ ಇನ್ನೊಂದು ಹಸು ಹತ್ತಿ ರೋಗ ಕೊಡುತ್ತೆ. ಅಂದ್ರೆ ನೀವು ಬೆನ್ನಿಗೆ ಬಟ್ಟೆ ಸವರುವ ಹೊತ್ತಿಗೆ ರೋಗದ ಉಣ್ಣೆ ಮುಕ್ಕಾಲುಪಾಲು ನಿಮ್ಮ ಗೋಡೆಯೊಳಗೆ ನಿದ್ದೆ ಮಾಡ್ತಾ ಇರುತ್ತೆ.

ಒಂದು ಸಮಾಧಾನದ ವಿಷಯ: ಹಯಲೋಮಾ ಕಚ್ಚಿದ ಕ್ಷಣಕ್ಕೇ ರೋಗ ಬರಲ್ಲ. ಅದರ ಜೊಲ್ಲುಗ್ರಂಥಿಯಲ್ಲಿ ಪರೋಪಜೀವಿ ಬಲಿಯೋಕೆ ರಕ್ತ ಕುಡಿಯಲು ಶುರುಮಾಡಿದ ಮೇಲೆ ಎರಡು ಮೂರು ದಿನ ಬೇಕು. ದಿನಾ ಸಂಜೆ ಕರುಗಳ ಕಿವಿಯೊಳಗೆ, ತೊಡೆಸಂದಿ, ಬಾಲದ ಕೆಳಗೆ ಕೈಯಾಡಿಸಿ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದ ಅಜ್ಜಿಯರ ಕೆಲಸಕ್ಕೆ ಎಷ್ಟು ಬೆಲೆ ಇತ್ತು ಅಂತ ಇದರಿಂದ ಗೊತ್ತಾಗುತ್ತೆ. ಬೆರಳಲ್ಲಿ ಹಿಚುಕಬೇಡಿ.

ಇನ್ನು ನಿಮ್ಮ ಎರಡು ಮುಚ್ಚಳ. ನೊಂದುಕೊಳ್ಳಬೇಡಿ, ಎಲ್ಲಾ ಊರಲ್ಲೂ ಹೀಗೇ ನಡೆಯೋದು. ಬಕೆಟ್ ಎಷ್ಟು ಲೀಟರಿನದು, ಮುಚ್ಚಳ ಎಷ್ಟು ಎಂಎಲ್, ಯಾರೂ ಅಳೆಯಲ್ಲ. ಅಳತೆಗಿಂತ ತೆಳ್ಳಗಾದ ಔಷಧಿ ದುರ್ಬಲ ಉಣ್ಣೆಯನ್ನ ಕೊಂದು ಗಟ್ಟಿ ಉಣ್ಣೆಯನ್ನ ಉಳಿಸುತ್ತೆ. ಒಂದೊಂದು ಸಾವಿರಾರು ಮೊಟ್ಟೆ ಇಡುವಾಗ ನಾಲ್ಕೈದು ತಲೆಮಾರಿಗೆ ಕೊಟ್ಟಿಗೆ ತುಂಬ ಗಟ್ಟಿಯವೇ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗೆ ಬಗ್ಗದ ಉಣ್ಣೆ ದೇಶದ ಹಲವು ಕಡೆ ದಾಖಲಾಗಿದೆ. ಇವೆರಡೂ ಒಂದೇ ಗುಂಪಿನವು, ಒಂದು ಬಿಟ್ಟು ಇನ್ನೊಂದು ಹಿಡಿದರೆ ಏನೂ ಪ್ರಯೋಜನ ಇಲ್ಲ.

ಸೊರಬದ ಕೊಟ್ಟಿಗೆ · ಜೂನ್ 11

ನಮ್ಮ ಕಡೆ ಉಣುಗು ಅಂದರೆ ಮೊದಲು ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲಾಗಿ ಸತ್ತದ್ದು ನಮ್ಮ ತಾಲೂಕಿನಲ್ಲೇ. ಆ ಉಣುಗು ಬೇರೆ ಜಾತಿ, ಹೀಮಾಫೈಸಾಲಿಸ್. ಅದು ದನಕ್ಕೆ ಆ ಕಾಯಿಲೆ ಬರಿಸಲ್ಲ, ಆದರೆ ದೊಡ್ಡ ಉಣುಗು ಹೊಟ್ಟೆ ತುಂಬಿಸಿಕೊಳ್ಳೋದು ಕಾಡಿಗೆ ಹೋದ ದನದ ಮೇಲೆ. ಉದುರಿ ಮೊಟ್ಟೆ ಇಟ್ಟರೆ ಬೇಸಿಗೆ ಹೊತ್ತಿಗೆ ಹುಡಿಹುಡಿ ಸಣ್ಣ ಉಣುಗು. ದರಕು (ಒಣ ಎಲೆ) ತರೋಕೆ ಹೋದ ಹೆಂಗಸರ ಕಾಲಿಗೆ ಹತ್ತೋದು ಅದೇ.

ನಮ್ಮ ದೊಡ್ಡಪ್ಪ ಆ ಜ್ವರದಲ್ಲಿ ಹೋದರು. ಅವತ್ತಿಂದ ನಮ್ಮನೇಲಿ ಮಳೆ ನಿಂತ ಕೂಡಲೇ ಕಾಡಿಂದ ಬಂದ ದನಕ್ಕೆ ಔಷಧಿ ಹೊಡೆದೇ ಒಳಗೆ ಕಟ್ಟೋದು. ಕಾಡಿಗೆ ಹೋಗುವವರು ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿ ಹೋಗ್ತಾರೆ, ಬಂದು ಬಿಸಿನೀರಲ್ಲಿ ಮೀಯ್ತಾರೆ. ದರಕು ಮನೆ ಹತ್ತಿರ ರಾಶಿ ಹಾಕಲ್ಲ.

ಒಂದು ಅನುಮಾನ. ನಮ್ಮದೆಲ್ಲ ಮಲೆನಾಡು ಗಿಡ್ಡ. ಮೈತುಂಬ ಉಣುಗು ಇದ್ದರೂ ಥೈಲೀರಿಯಾದಲ್ಲಿ ಸತ್ತದ್ದು ನಾನು ಕಂಡಿಲ್ಲ. ಹೋದ ವರ್ಷ ಮಗ ತಂದ ಜರ್ಸಿ ಮಾತ್ರ ಮೂರೇ ತಿಂಗಳಿಗೆ ಮಲಗಿತು. ಯಾಕೆ?

ಹೆಬ್ಬಾಳದಲ್ಲಿ ಓದಿದವ · ಜೂನ್ 11

ದೊಡ್ಡಪ್ಪನ ವಿಷಯ ಓದಿ ಬೇಸರವಾಯ್ತು.

ಡುಬ್ಬದ ದನಗಳು ತಲೆತಲಾಂತರದಿಂದ ಈ ಉಣ್ಣೆ, ಈ ರೋಗದ ಜೊತೆ ಬದುಕಿ ಬಂದಿವೆ. ಚರ್ಮದ ಪ್ರತಿಕ್ರಿಯೆ ಜೋರು, ನೆಕ್ಕಿಕೊಂಡು ಮೈ ಶುಚಿ ಮಾಡಿಕೊಳ್ಳೋದು ಹೆಚ್ಚು, ಹತ್ತಿದ ಮರಿಗಳಲ್ಲಿ ಬೆಳೆದು ಉದುರುವವು ಕಮ್ಮಿ. ಥೈಲೀರಿಯಾ ಅವಕ್ಕೂ ಬರುತ್ತೆ, ಆದರೆ ಸೌಮ್ಯವಾಗಿ ಬಂದುಹೋಗುತ್ತೆ. ಹೋದ ಮೇಲೂ ರಕ್ತದಲ್ಲಿ ಸ್ವಲ್ಪ ಉಳಿದಿರುತ್ತೆ. ನಿಮ್ಮ ಜರ್ಸಿಗೆ ರೋಗ ಬಂದದ್ದು ಪಕ್ಕದ ಆರೋಗ್ಯವಂತ ಗಿಡ್ಡಗಳಿಂದ ಉಣ್ಣೆಯ ಮೂಲಕ ಅಂದರೆ ಆಶ್ಚರ್ಯವಿಲ್ಲ. ಗಿಡ್ಡದ ತಪ್ಪು ಅಂತ ಅಲ್ಲ, ರೋಗ ಹರಡುವ ರೀತಿಯೇ ಹಾಗೆ.

ಕ್ವೀನ್ಸ್‌ಲ್ಯಾಂಡ್ ಕನ್ನಡಿಗ · ಜೂನ್ 11

ನಾನು ಮೂಲತಃ ಹಾಸನದವನು, ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ದನದ ಫಾರಂ ಕೆಲಸ. ಮೈಕ್ರೋಪ್ಲಸ್‌ನ ಹತ್ತಿರದ ಸಂಬಂಧಿ ಉಣ್ಣೆಯೇ ಇಲ್ಲೂ ಇದೆ. 1872ರಲ್ಲಿ ಡಾರ್ವಿನ್‌ಗೆ ಹಡಗಲ್ಲಿ ಬಂದ ದನಗಳ ಜೊತೆ ಬಂದದ್ದು ಅಂತಾರೆ. ಇಂಗ್ಲೆಂಡಿನ ತಳಿಗಳು ಬಬೇಸಿಯಾದಲ್ಲಿ ಸತ್ತು ಸತ್ತು ಕೊನೆಗೆ ನಮ್ಮ ದೇಶದ ಡುಬ್ಬದ ದನದ ರಕ್ತ ಇರುವ ಬ್ರಾಹ್ಮನ್ ತಳಿಯನ್ನ ಬೆರೆಸಿದರು. ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಈಗ ಎಲ್ಲಿ ನೋಡಿದರೂ ಡುಬ್ಬ, ಗಂಗೆದೊಗಲು. ಮೊದಲ ಸಲ ನೋಡಿದಾಗ ಊರು ನೆನಪಾಗಿ ಗಂಟಲು ಕಟ್ಟಿತ್ತು.

ಉಣ್ಣೆ ಇರುವ ಪ್ರದೇಶಕ್ಕೂ ಇಲ್ಲದ ಪ್ರದೇಶಕ್ಕೂ ಇಲ್ಲಿ ಕಾನೂನಿನ ಗೆರೆ ಇದೆ. ದನ ಆ ಗೆರೆ ದಾಟಬೇಕಾದರೆ ತಪಾಸಣೆ, ಔಷಧಿ ಆಗಲೇಬೇಕು. ಕರುಗಳಿಗೆ ಉಣ್ಣೆಜ್ವರದ ಜೀವಂತ ಲಸಿಕೆ ಹಾಕ್ತಾರೆ, ಅದು ಬ್ರಿಸ್ಬೇನ್ ಹತ್ತಿರದ ವಾಕೋಲ್‌ನಲ್ಲಿ ತಯಾರಾಗುತ್ತೆ. ಮೂರರಿಂದ ಒಂಬತ್ತು ತಿಂಗಳ ಕರುವಿಗೆ ಬಬೇಸಿಯಾ ತಗುಲಿದರೆ ಸಾಮಾನ್ಯವಾಗಿ ಸಾಯಲ್ಲ, ಆಮೇಲೆ ಬಹಳ ವರ್ಷ ರಕ್ಷಣೆ ಸಿಗುತ್ತೆ. ಹಾಗಾಗಿ ಪೂರ್ತಿ ಉಣ್ಣೆ ಇಲ್ಲದಂತೆ ಬೆಳೆಸಿದ ದನವೇ ಇಲ್ಲಿ ಹೆಚ್ಚು ಅಪಾಯದಲ್ಲಿರೋದು. ಅಕ್ಕನ ಕೊಟ್ಟಿಗೆಯಲ್ಲೂ ಒಂದೂ ಉಣ್ಣೆ ಇರಬಾರದು ಅಂತ ಹೊರಡೋದು ಸರಿಯಾ?

ಹೆಬ್ಬಾಳದಲ್ಲಿ ಓದಿದವ · ಜೂನ್ 12

ಬಬೇಸಿಯಾ ಮಟ್ಟಿಗೆ ನೀವು ಹೇಳಿದ್ದು ಪೂರ್ತಿ ನಿಜ. ಆದರೆ ಥೈಲೀರಿಯಾ ಆನ್ಯುಲೇಟಾಗೆ ಆ ಲೆಕ್ಕ ಹಿಡಿಯಲ್ಲ. ಮಿಶ್ರತಳಿಯ ಎಳೆಗರುಗಳು ಇದರಲ್ಲಿ ಸಾಯ್ತವೆ, ಕೆಲವಕ್ಕೆ ಕಣ್ಣುಗುಡ್ಡೆ ಹೊರಗೆ ಬಂದುಬಿಡುತ್ತೆ. ನೋಡೋಕೆ ಆಗಲ್ಲ. ಅದಕ್ಕೇ ಲಸಿಕೆ ಇರೋದು, ರಕ್ಷಾವ್ಯಾಕ್ ಟಿ. ರೋಗಾಣುವನ್ನ ಪ್ರಯೋಗಾಲಯದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸತ್ವಗುಂದಿಸಿ ಮಾಡಿದ್ದು. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಬಹುದು. ತೊಡಕು ಅಂದ್ರೆ ಅದು ಜೀವಂತ ಕೋಶ. ದ್ರವ ಸಾರಜನಕದಲ್ಲಿಟ್ಟು ಸಾಗಿಸಬೇಕು, ಹೊರಗೆ ತೆಗೆದ ಮೇಲೆ ಬೇಗ ಬಳಸಬೇಕು. ಒಂದು ಮನೆಯ ಒಂದು ಕರುವಿಗೆ ಅಂತ ಯಾರೂ ತರಲ್ಲ. ಸೊಸೈಟಿಯವರು ಊರಿನ ಕರುಗಳ ಪಟ್ಟಿ ಮಾಡಿ ಒಂದೇ ದಿನ ಗೊತ್ತುಮಾಡಿ ಪಶು ಆಸ್ಪತ್ರೆಗೆ ಕೇಳಿದರೆ ಸಾಧ್ಯ. ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಹಳ್ಳಿಹಳ್ಳಿಗೆ ಬರೋದು ಅದೇ ಸಾರಜನಕದ ಕ್ಯಾನಿನಲ್ಲೇ ಅಲ್ಲವೇ. ಅದು ಬರುತ್ತೆ ಅಂದ ಮೇಲೆ ಇದೂ ಬರಬಲ್ಲದು. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ.

ಪಶುಸಖಿ, ಹುಣಸೂರು ಕಡೆ · ಜೂನ್ 12

ಬೇವು, ಬಜೆ, ಬೆಳ್ಳುಳ್ಳಿ, ಅರಿಶಿನ, ತುಳಸಿ, ಲಂಟಾನ ಸೊಪ್ಪು ಅರೆದು ಸೋಸಿ ಹೊಡೆಯೋದು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೂ (ಎನ್‌ಡಿಡಿಬಿ) ಹೇಳಿಕೊಟ್ಟಿದ್ದಾರೆ. ನಾನು ಹತ್ತಾರು ಮನೆಯಲ್ಲಿ ಮಾಡಿಸಿದ್ದೀನಿ. ಉಣ್ಣೆ ಕಡಿಮೆ ಇದ್ದಾಗ, ವಾರಕ್ಕೊಮ್ಮೆ ಬಿಡದೆ ಹೊಡೆದರೆ ಹತೋಟಿಗೆ ಬರುತ್ತೆ. ಮೈತುಂಬ ಇದ್ದಾಗ ಇದೊಂದನ್ನೇ ನಂಬಿ ಕೂರಬೇಡಿ ಅಂತ ಅನುಭವದಿಂದ ಹೇಳ್ತೀನಿ. ಲಂಟಾನ ದನ ತಿಂದರೆ ವಿಷ, ಹೊಡೆದ ಮೇಲೆ ನೆಕ್ಕದ ಹಾಗೆ ಆರುವ ತನಕ ನೋಡಿಕೊಳ್ಳಿ.

ನಾಟಿ ಕೋಳಿ ನಾಲ್ಕು ಸಾಕಿ. ಕೊಟ್ಟಿಗೆಯಲ್ಲಿ ಉದುರಿದ ಉಣ್ಣೆ ಹೆಕ್ಕಿ ತಿಂತವೆ, ಮಲಗಿದ ಹಸುವಿನ ಹೊಟ್ಟೆಯಿಂದಲೂ ಕೀಳ್ತವೆ. ಆದರೆ ರಾಸಾಯನಿಕ ಹೊಡೆದ ದಿನ ಕೋಳಿಗಳನ್ನ ಒಳಗೆ ಬಿಡಬೇಡಿ.

ತಿಪಟೂರು ಹೈನಮ್ಮ · ಜೂನ್ 13

ಕಡಸಿನ ಸ್ಮಿಯರ್ ಬಂತು, ಥೈಲೀರಿಯಾ ಇದೆ. ಆದರೆ ಜ್ವರ ನಿನ್ನೆಯಿಂದ ಇಲ್ಲ. ಅರ್ಧ ಹೊರೆ ಮೇವು ತಿಂತು.

ನಮ್ಮ ಉಣ್ಣೆ ಯಾವ ಔಷಧಿಗೆ ಸಾಯುತ್ತೆ ಅಂತ ತಿಳಿಯೋಕೆ ದಾರಿ ಇದೆಯಾ? ಸುಮ್ಮನೆ ಬಾಟಲಿ ಬದಲಾಯಿಸುತ್ತಾ ಹೋಗೋಕೆ ಇಷ್ಟ ಇಲ್ಲ.

ಹೆಬ್ಬಾಳದಲ್ಲಿ ಓದಿದವ · ಜೂನ್ 13

ಇದೆ. ಪ್ರಯೋಗಾಲಯದಲ್ಲಿ ಇದನ್ನ ಹೆಣ್ಣುಣ್ಣೆ ಮುಳುಗಿಸುವ ಪರೀಕ್ಷೆ ಅಂತಾರೆ, 1973ರಿಂದ ಬಳಕೆಯಲ್ಲಿದೆ. ಒರಟಾಗಿ ಮನೆಯಲ್ಲೂ ನೋಡಬಹುದು. ರಕ್ತ ತುಂಬಿ ತಾನಾಗಿ ಉದುರುವಂತಿರುವ ದಪ್ಪ ಉಣ್ಣೆ ಮೂವತ್ತು ಆರಿಸಿ, ಹತ್ತು ಹತ್ತರ ಮೂರು ಗುಂಪು. ಒಂದು ಗುಂಪು ಬರೀ ನೀರಿಗೆ. ಎರಡನೆಯದು ನೀವು ಬಳಸುವ ಡೆಲ್ಟಾಮೆಥ್ರಿನ್‌ಗೆ, ಆದರೆ ಬಾಟಲಿಯ ಚೀಟಿಯಲ್ಲಿ ಬರೆದ ಅಳತೆಯಲ್ಲೇ, ಸಿರಿಂಜಿನಲ್ಲಿ ಅಳೆದು. ಮೂರನೆಯದು ಬೇರೆ ಗುಂಪಿನ ಉಣ್ಣೆ ಔಷಧಿ ಅಮಿಟ್ರಾಜ್‌ಗೆ. ಶೇ 12.5ರ ಬಾಟಲಿ ಆದರೆ ಲೀಟರಿಗೆ 2 ಎಂಎಲ್. ಎರಡು ನಿಮಿಷ ಅದ್ದಿ, ಕಾಗದದ ಮೇಲೆ ಒಣಗಿಸಿ, ಬೇರೆ ಬೇರೆ ಬಾಟಲಿಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಎರಡು ವಾರದಲ್ಲಿ ಯಾವುದು ಮೊಟ್ಟೆ ಇಡ್ತು ನೋಡಿ. ಕೈಗೆ ಗ್ಲೌಸ್ ಇರಲಿ, ಮುಗಿದ ಮೇಲೆ ಬಾಟಲಿ ಸಮೇತ ಕುದಿಯುವ ನೀರಿಗೆ ಹಾಕಿ. ಅಮಿಟ್ರಾಜ್ ಕುದುರೆಗೆ ವಿಷ, ಅಕ್ಕಪಕ್ಕ ಕುದುರೆ ಇದ್ದರೆ ಹುಷಾರು.

ಇದು ಮೈಕ್ರೋಪ್ಲಸ್‌ಗೆ ಚೆನ್ನಾಗಿ ಹೊಂದುತ್ತೆ. ಗೋಡೆಯ ಹಯಲೋಮಾಗೆ ಪರೀಕ್ಷೆಗಿಂತ ಗಾರೆ ಕೆಲಸ ಮುಖ್ಯ. ಬಿರುಕು, ಸಂದಿ ಎಲ್ಲ ಸಿಮೆಂಟು ತುಂಬಿಸಿ, ಮೇಲೆ ಸುಣ್ಣ. ತುಂಬಿಸುವ ಮೊದಲು ಸಂದಿಗೆ ಔಷಧಿ ಹೋಗಲಿ. ಮನುಷ್ಯರು ಮನೆಗೆ ಸುಣ್ಣ ಬಳಿಯೋದು ಹಬ್ಬಕ್ಕೆ, ಕೊಟ್ಟಿಗೆಗೆ ವರ್ಷಕ್ಕೆರಡು ಸಲ ಬಳಿದರೂ ಸಾರ್ಥಕ.

ಹೊಡೆಯುವಾಗ ಬಟ್ಟೆ ಬಿಡಿ, ಪಂಪು ಹಿಡಿಯಿರಿ. ದೊಡ್ಡ ಹಸುವಿಗೆ ನಾಲ್ಕೈದು ಲೀಟರ್ ದ್ರಾವಣ ಬೇಕು, ಹೊಟ್ಟೆ ಕೆಳಗಿನಿಂದ ತೊಟ್ಟಿಕ್ಕಬೇಕು. ಮೊದಲು ನೀರು ಕುಡಿಸಿ, ಬಾಯಾರಿದ ದನ ಮೈ ನೆಕ್ಕುತ್ತೆ. ಮಟಮಟ ಬಿಸಿಲಲ್ಲಿ ಬೇಡ, ತಂಪು ಹೊತ್ತಲ್ಲಿ, ಹಾಲು ಕರೆದ ಮೇಲೆ. ಮೂರು ವಾರಕ್ಕೆ ಮತ್ತೊಮ್ಮೆ, ಯಾಕೆಂದರೆ ಆಗ ಹತ್ತಿದ ಮರಿ ಮೊಟ್ಟೆಗೆ ಬರುವ ಮುನ್ನ ಸಿಗಬೇಕು.

ಮಂಡ್ಯದ ಎರಡೆಕರೆ · ಜೂನ್ 14

ನಾನು ಐವರ್‌ಮೆಕ್ಟಿನ್ ಅಂದದ್ದು ತಪ್ಪಾಯ್ತು. ನಮ್ಮನೆ ಹಾಲು ನಮ್ಮ ಮಕ್ಕಳೇ ಕುಡೀತಾರೆ. ಇಷ್ಟು ದಿನ ಯಾರೂ ಹೇಳಿರಲಿಲ್ಲ.

ತಿಪಟೂರು ಹೈನಮ್ಮ · ಜೂನ್ 28

ಪರೀಕ್ಷೆ ಮಾಡಿದೆ. ನೀರಿನ ಬಾಟಲಿಯಲ್ಲಿ ಹತ್ತೂ ಮೊಟ್ಟೆ ಇಟ್ಟವು, ಕಂದು ಸಾಬಕ್ಕಿ ರಾಶಿ ಹಾಗೆ. ಡೆಲ್ಟಾಮೆಥ್ರಿನ್‌ನಲ್ಲಿ ಸರಿಯಾದ ಅಳತೆ ಹಾಕಿಯೂ ಏಳು ಇಟ್ಟವು. ಅಮಿಟ್ರಾಜ್‌ನಲ್ಲಿ ಒಂದು, ಅದೂ ಚೂರು. ಆ ಏಳರ ಬಾಟಲಿ ನೋಡ್ತಾ ತುಂಬ ಹೊತ್ತು ಕೂತಿದ್ದೆ. ನಾಲ್ಕು ವರ್ಷದಿಂದ ಬೆಳೆಸಿದ್ದು ನಾನೇ.

ಗೋಡೆ ಕೆಲಸ ಯಜಮಾನರು ಮತ್ತು ಮಗ ಮೂರು ದಿನ ಮಾಡಿದರು. ಗೊಂತಿನ ಒಂದು ಕಲ್ಲು ಎತ್ತಿದಾಗ ಅದರಡಿ ಕಂದು ಉಣ್ಣೆ ಮುತ್ತಿಕೊಂಡಿದ್ದವು, ಪಟ್ಟೆಕಾಲಿನವೇ. ಮಗನಿಗೆ ತೋರಿಸಿದೆ, ಇದೇ ನೋಡು ಅಂತ.

ಕ್ವೀನ್ಸ್‌ಲ್ಯಾಂಡ್ ಕನ್ನಡಿಗ · ಜೂನ್ 28

ಅಕ್ಕ, ಉಣ್ಣೆಯಿಂದ ರೋಗ ಬರುತ್ತೆ ಅಂತ ಅಮೆರಿಕದಲ್ಲಿ ಸ್ಮಿತ್, ಕಿಲ್‌ಬೋರ್ನ್ ಅನ್ನುವವರು 1893ರಲ್ಲಿ ತೋರಿಸಿಕೊಟ್ಟಾಗಲೂ ಹೀಗೇ ಹೊಲದಲ್ಲಿ ದನ ಕಟ್ಟಿ, ಉಣ್ಣೆ ಕಿತ್ತ ದನ ಬೇರೆ, ಕೀಳದ ದನ ಬೇರೆ ಅಂತ ಇಟ್ಟು ನೋಡಿದ್ದರು. ಕೀಟ, ಉಣ್ಣೆಗಳು ರೋಗ ದಾಟಿಸುತ್ತವೆ ಅಂತ ಸಾಬೀತಾದ ಮೊದಮೊದಲ ಉದಾಹರಣೆ ಅದು. ಆಮೇಲೆ 1906ರಲ್ಲಿ ಶುರುಮಾಡಿ 1943ರ ಹೊತ್ತಿಗೆ, ಮೆಕ್ಸಿಕೋ ಗಡಿಯ ಪಟ್ಟಿ ಬಿಟ್ಟು ಉಳಿದ ಕಡೆಯಿಂದ ಆ ಉಣ್ಣೆ ತೆಗೆದರು. ಒಂದು ಮನೆಯವರು ಮಾಡಿದ್ದಲ್ಲ, ಸೀಮೆಗೆ ಸೀಮೆಯೇ ಒಟ್ಟಾಗಿ ದನಗಳನ್ನ ಔಷಧಿ ತೊಟ್ಟಿಯಲ್ಲಿ ಹಾಯಿಸಿದ್ದು.

ತಿಪಟೂರು ಹೈನಮ್ಮ · ಆಗಸ್ಟ್ 3

ಎರಡು ಸಲ ಮೂರು ವಾರದ ಅಂತರದಲ್ಲಿ ಅಮಿಟ್ರಾಜ್ ಆಯ್ತು. ಮೊನ್ನೆ ಎಲ್ಲಾ ದನದ ಮೈ ತಡವಿದೆ, ಒಟ್ಟು ಹನ್ನೊಂದು ಉಣ್ಣೆ ಸಿಕ್ಕವು. ಮೊದಲು ಒಂದು ಹಸುವಿನ ಕೆಚ್ಚಲಲ್ಲೇ ಅಷ್ಟಿರ್ತಿತ್ತು. ಕಡಸು ಪೂರ್ತಿ ಹುಷಾರು. ಮತ್ತೆ ಸ್ಮಿಯರ್ ಮಾಡಿಸಿದೆ, ಅಲ್ಲೊಂದು ಇಲ್ಲೊಂದು ಇದೆ, ಹೆದರಬೇಡಿ ಅಂದ್ರು.

ಪಕ್ಕದ ಮನೆಯವರು ಇನ್ನೂ ಮುಚ್ಚಳದ ಲೆಕ್ಕದಲ್ಲೇ ಇದ್ದಾರೆ, ಅವರ ದನ ನಮ್ಮ ಬದುವಲ್ಲೇ ಮೇಯೋದು. ಅದಕ್ಕೆ ಕಳೆದ ವಾರ ಸೊಸೈಟಿ ಸಭೆಗೆ ಎರಡು ಬಾಟಲಿ ತಗೊಂಡು ಹೋದೆ, ಬಿಸಿನೀರಲ್ಲಿ ಸಾಯಿಸಿಟ್ಟ ಮೊಟ್ಟೆ ಇರುವವನ್ನ. ಮಾತಿಗೆ ಮೊದಲು ಅವನ್ನೇ ಕೈಯಿಂದ ಕೈಗೆ ದಾಟಿಸಿದೆ. ಲಸಿಕೆಗೆ ಮೂವತ್ತೆರಡು ಕರುಗಳ ಪಟ್ಟಿ ಆಗಿದೆ. ಆಸ್ಪತ್ರೆಗೆ ಅರ್ಜಿ ನಾಳೆ ಕೊಡ್ತೀವಿ. ಅರ್ಜಿಯಲ್ಲಿ ಕರುವಿನ ವಯಸ್ಸು, ತಳಿ, ಕಿವಿಯೋಲೆ ನಂಬರು ಬರೆದಿದ್ದೀವಿ. ಇನ್ನೇನಾದರೂ ಬೇಕಾ?

ಹೆಬ್ಬಾಳದಲ್ಲಿ ಓದಿದವ · ಆಗಸ್ಟ್ 3

ಹೋದ ಆರು ತಿಂಗಳಲ್ಲಿ ಊರಿನಲ್ಲಿ ಥೈಲೀರಿಯಾ ಅಂತ ಸ್ಮಿಯರ್‌ನಲ್ಲಿ ಬಂದ ದನಗಳ ಲೆಕ್ಕ ಸೇರಿಸಿ, ನಿಮ್ಮೆರಡೂ ವರದಿಗಳ ಪ್ರತಿ ಹಚ್ಚಿ. ಆವತ್ತು ಜ್ವರ ಇರುವ ಕರುವನ್ನ ಲಸಿಕೆಗೆ ತರಬೇಡಿ ಅಂತ ಎಲ್ಲರಿಗೂ ಮೊದಲೇ ಹೇಳಿಡಿ. ಎರಡು ತಿಂಗಳು ತುಂಬದವನ್ನ ಪ್ರತ್ಯೇಕ ಬರೆದಿಡಿ, ಮುಂದಿನ ಸಲಕ್ಕೆ ಬೇಕಾಗುತ್ತೆ.